ಚಳಿಗಾಲದ ಮುಖಪುಟಕ್ಕೆ ಕಾಲುಚೀಲ

ಬೀಜಿಂಗ್

ಪ್ಯಾರಿಸ್‌ನ ಪ್ರಧಾನ ಸಂಪಾದಕಿ ಸೋಲಾಂಜ್ ಮೇಡಂ ಅವರಿಗೆ,

ನೀವು ಕಳಿಸಿದ ಚಳಿಗಾಲದ ಮುಖಪುಟವನ್ನು ನಮ್ಮ ಚೀನೀ ಆವೃತ್ತಿಗೆ ಹಾಗೇ ಹಾಕಲಾರೆ, ಕ್ಷಮಿಸಿ. ಹಿಮದಲ್ಲಿ ನಿಂತ ಹುಡುಗಿಯ ಕಣಕಾಲು ಬರಿದಾಗಿದೆ. ನಮ್ಮ ಫ್ಯಾಷನ್ ಪತ್ರಿಕೆ ಕೊಳ್ಳುವವರು ಹುಡುಗಿಯರು, ಮನೆಯಲ್ಲಿ ತಿರುವಿಹಾಕುವವರು ಅವರ ಅಮ್ಮಂದಿರು. ಹೋದ ವರ್ಷ ಇಂಥದೇ ಚಿತ್ರ ನೋಡಿ ಆ ಅಮ್ಮಂದಿರು, "ನಾಳೆ ಚಳಿಗೆ ಇವಳ ಮಂಡಿ ಹಿಡ್ಕೊಂಡ್ರೆ ನೀವು ಬಂದು ಎಣ್ಣೆ ತಿಕ್ತೀರಾ?" ಎಂದು ಫೋನಿನಲ್ಲಿ ನಮ್ಮನ್ನು ಜಾಡಿಸಿದರು. ದಯವಿಟ್ಟು ಕಾಲುಚೀಲ ಹಾಕಿಸಿ ಇನ್ನೊಂದು ಚಿತ್ರ ತೆಗೆಸಿ.

ಜೊತೆಗಿರುವ, ಕಣಕಾಲಿನವರೆಗೂ ಮುಚ್ಚುವ ಕೆಂಪು ಉಣ್ಣೆಯ ಒಳಪ್ಯಾಂಟು ನಿಮಗೆ. ಸಂಪಾದಕೀಯದ ಪಕ್ಕದ ಫೋಟೊದಲ್ಲಿ ನಿಮ್ಮ ಕಣಕಾಲೂ ಬರಿದಾಗಿದ್ದದ್ದು ನೋಡಿ ನನ್ನಮ್ಮ ಹೆಣೆದದ್ದು. ನಿಮಗೆ ಅರವತ್ತು ದಾಟಿದೆ ಎಂದೆ. "ಆದ್ರೇನು? ಆ ಮಗೂಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದಳು.

ಹಾಕಿಕೊಂಡು ಒಂದು ಫೋಟೊ ಕಳಿಸಿ. ಇಲ್ಲದಿದ್ದರೆ ಅಮ್ಮ ನಿಮಗೇ ಫೋನ್ ಮಾಡುತ್ತಾಳೆ. ನಂಬರ್ ನಾನೇ ಕೊಟ್ಟಿದ್ದೇನೆ.

ನಿಮ್ಮ ವಿಧೇಯಳು,
ಫಾಂಗ್ ರೂಯಿಂಗ್