ಕಾಕಾ ಬಿಟ್ಟ ಜಾಗ

ಕಾಕಾ,

ನೀನು ಹೋದ ಮೇಲೆ ಯಾರೂ ಮುಟ್ಟದ ನಿನ್ನ ಡಿಜಿಟಲ್ ರೆಕಾರ್ಡರನ್ನು ಸಂಗಮ್ಮ ಕಾಕಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಪಾಮನಕಲ್ಲೂರಿನಿಂದ ಬಸ್ಸಿನಲ್ಲಿ ತಂದಳು. ಸಿಂಧನೂರಿನ ನನ್ನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸಿದೆ. ನಿನ್ನ ಭಜನೆಯ ದನಿ ಬಂತು! ಆದರೆ ಒಂದು ಸಾಲು ಮುಗಿದೊಡನೆ ಸದ್ದೇ ಇಲ್ಲ. ತುಸು ಹೊತ್ತಾದ ಮೇಲೆ ಮುಂದಿನ ಸಾಲು. ಕೇಬಲ್ ಬದಲಿಸಿದೆ, ಸೆಟ್ಟಿಂಗ್ ತಿರುವಿದೆ, ಯಂತ್ರವನ್ನು ಬೈದೂ ನೋಡಿದೆ. ಮತ್ತೆ ಅದೇ ಖಾಲಿ.

ಕಾಕಿ ಬಿದ್ದು ಬಿದ್ದು ನಕ್ಕಳು. "ವಾಯರ್ ಬಿಡಬೇ, ಭಾಗ್ಯಾ! ನಿಮ್ಮ ಕಾಕಾ ಒಂದು ಸಾಲು ಹೇಳ್ಯಾರ, ನಾವು ತಿರುಗಿ ಹೇಳಲಿ ಅಂತ ಕಾಯಾಕತ್ತಾರ. ಭಜನಿ ಅಂದ್ರ ಹಂಗ ಅಲ್ಲೇನು?" ಎಂದವಳೇ ಮುಂದಿನ ಖಾಲಿಗೆ ತನ್ನ ದನಿ ತುಂಬಿದಳು. ನೀವಿಬ್ಬರೂ ಒಂದೇ ಜಮಖಾನೆಯ ಮೇಲೆ ಕೂತು ಹಾಡುತ್ತಿರುವಂತಿತ್ತು.

ಕೊನೆಯ ಸಾಲು ಮುಗಿಸಿ ನೀನು, "ಭಾಗ್ಯಾ, ಈಗ ನೀ ಹೇಳವಾ" ಎಂದಿದ್ದೀಯ. ನೀನು ಅದನ್ನು ರೆಕಾರ್ಡ್ ಮಾಡಿದ ದಿನ ಅಲ್ಲಿ ನಾನಿರಲಿಲ್ಲ.

ಮೈಕ್ ಹಚ್ಚಿ ಹಾಡಿದೆ.

"ರಾಗ ತಪ್ಪಿತಲ್ಲಬೇ!" ಎಂದು ಕಾಕಿ ಚಪ್ಪಾಳೆ ತಟ್ಟಿದಳು.

ಅಳಿಸಲಿಲ್ಲ, ಕಾಕಾ. ನೀನು ಬಿಟ್ಟ ಜಾಗದಲ್ಲಿ ಸರಿಯಾಗಿ ಕೂತಿದೆ.