ಶಂಖವೀರನ ಎರಡನೇ ಭಾಗ ನೋಡಿದ ಮೇಲೆ

ನಡುದಂಡೆ
ಶಾಲಿವಾಹನ ಶಕ ೨೧೩೬, ಆನಂದ ಸಂವತ್ಸರ, ಮಹಾಲಯ ಅಮಾವಾಸ್ಯೆ

ಬಾಲ್ಕನಿ ಮೂಲೆ ಸೀಟಿನವರಿಗೆ ಅಕ್ಕಣಿ ಮಾಡುವ ನಮಸ್ಕಾರ.

ಸಂವತ್ಸರದ ಹೆಸರು ಆನಂದ. ಅದು ನಾನಿಟ್ಟ ಹೆಸರಲ್ಲ, ಪಂಚಾಂಗದಲ್ಲಿ ಹಾಗೇ ಬಂದಿದೆ. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ಇನ್ನೂರ ಹದಿನಾಲ್ಕನೇ ಇಸವಿ. ನಿಮ್ಮನ್ನು ಅಕ್ಕ ಅನ್ನಬೇಕೋ ಅಣ್ಣ ಅನ್ನಬೇಕೋ ತಿಳಿಯದು. ವಯಸ್ಸಿನಲ್ಲಿ ನೀವು ನನ್ನ ಅಜ್ಜಿಗೂ ಅಜ್ಜಿಯಾಗಬೇಕು, ಆದರೆ ನೀವು ಬರೆದ ಸಾಲು ಓದಿದರೆ ಚಿಕ್ಕ ಪ್ರಾಯದವರ ಹಾಗೆ ಕಾಣುತ್ತದೆ. ನಾನು ಕಲಿತದ್ದು ಊರ ಶಾಲೆಯಲ್ಲಿ ಏಳನೆಯವರೆಗೆ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ವಾಮನ ಮಾಸ್ಟ್ರು ನಿಮ್ಮ ಕಾಲದ ಕನ್ನಡಕ್ಕೆ ತಿದ್ದಿಕೊಟ್ಟಿದ್ದಾರೆ. ತಿದ್ದಿಯೂ ಉಳಿದ ತಪ್ಪು ನನ್ನದು, ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಉಪವಾಸ. ಹಿರಿಯರಿಗೆ ಎಡೆ ಇಡುವವರೆಗೆ ನೀರೂ ಮುಟ್ಟುವುದಿಲ್ಲ. ಬೆಳಿಗ್ಗೆ ಎದ್ದವಳು ಬೆವರುಮಾಡಿನ ನೀರು ಇಳಿಸಿದೆ. ಬೆವರುಮಾಡು ಅಂದರೆ ಗಾಜಿನ ಮಾಡು. ಅದರ ಕೆಳಗೆ ಉಪ್ಪುನೀರು ನಿಲ್ಲಿಸುತ್ತೇವೆ, ಬಿಸಿಲಿಗೆ ಆವಿ ಎದ್ದು ಗಾಜಿಗೆ ಹತ್ತಿ, ಸಿಹಿನೀರಾಗಿ ಸೀಳಿದ ಅಡಿಕೆಮರದ ದಂಬೆಯಲ್ಲಿ ಇಳಿಯುತ್ತದೆ. ದಿನಕ್ಕೆ ಎರಡು ಕೊಡ. ಆಮೇಲೆ ತೇಲುಗದ್ದೆಗೆ ಹೋಗಿ ಹಗ್ಗ ಬಿಗಿ ಮಾಡಿ ಬಂದೆ. ಹಳೆಯ ಡ್ರಮ್ಮುಗಳ ಮೇಲೆ ಮಣ್ಣು ಹಾಸಿ ಭತ್ತ ಬೆಳೆಯುವ ಗದ್ದೆ ಅದು. ಹಗ್ಗ ಸಡಿಲವಾದರೆ ಬೆಳಿಗ್ಗೆ ಎದ್ದು ನೋಡುವಾಗ ನಮ್ಮ ಗದ್ದೆ ಪಕ್ಕದವರ ಬಾಗಿಲಲ್ಲಿ ಇರುತ್ತದೆ. ಕೋಳಿ ಬಿಟ್ಟೆ, ಮಗಳು ಸುಗಂಧಿಗೆ ಬಿಸಿನೀರು ಕಾಯಿಸಿಟ್ಟೆ. ಅವಳು ಹೆತ್ತು ಇಪ್ಪತ್ತೆರಡು ದಿನ. ಹೆಣ್ಣು ಮಗು. ಇನ್ನೂ ಹೆಸರಿಟ್ಟಿಲ್ಲ. ಯಾಕೆ ಇಟ್ಟಿಲ್ಲ ಅನ್ನುವುದೇ ಈ ಕಾಗದ.

ಮಹಾಲಯದ ದಿನ ಎಡೆಯ ಜೊತೆಗೆ ಒಂದು ಹಿಂದೋಲೆ ಇಡುವುದು ನಮ್ಮ ಊರಿನ ಪದ್ಧತಿ. ಹಿಂದಿನವರಿಗೆ ಬರೆದ ಓಲೆ. ಹಿರಿಯರಿಗೆ ಅನ್ನ ಮುಟ್ಟುತ್ತದೆ ಎಂದಾದರೆ ಕಾಗದ ಯಾಕೆ ಮುಟ್ಟಬಾರದು ಎಂದು ಯಾರೋ ಶುರು ಮಾಡಿದ್ದಂತೆ. ದಂಡೆಯ ಬುಡದಲ್ಲಿ ಒಂದು ಕಲ್ಲಿನ ಗೂಡು ಇದೆ, ಅದರಲ್ಲಿ ಇಡಬೇಕು. ಹನ್ನೆರಡನೇ ದಿನ ಹೋಗಿ ಉತ್ತರ ಬಂದಿದೆಯೇ ಎಂದು ನೋಡಬೇಕು. ನನಗೆ ಬುದ್ಧಿ ಬಂದ ಮೇಲೆ ಯಾರಿಗೂ ಬಂದದ್ದು ನಾನು ಕಂಡಿಲ್ಲ. ಆದರೂ ಇಡುತ್ತೇವೆ. ಎಲ್ಲರೂ ತಮ್ಮ ತಮ್ಮ ಹಿರಿಯರಿಗೆ ಬರೆಯುತ್ತಾರೆ. ನಾನು ಈ ಸಲ ನಿಮಗೆ ಬರೆಯುತ್ತಿದ್ದೇನೆ. ನನ್ನ ಹಿರಿಯರು ಕೋಪ ಮಾಡಿಕೊಳ್ಳಲಿಕ್ಕಿಲ್ಲ.

ನಿಮಗೆ ಶಂಖವೀರ ಸಿನಿಮಾ ಗೊತ್ತು. ನಿಮಗೆ ಅದು ಒಂದು ವಾರದ ಸಿನಿಮಾ ಆಗಿರಬಹುದು. ನಮ್ಮಲ್ಲಿ ಉಳಿದದ್ದು ಅದೊಂದೇ, ಅದರ ಒಂದನೇ ಭಾಗ. ನೂರಾರು ವರ್ಷದಿಂದ ವರ್ಷಕ್ಕೊಮ್ಮೆ ಹಳೆಯ ಐಸ್ ಪ್ಲಾಂಟಿನಲ್ಲಿ ತೋರಿಸುತ್ತೇವೆ. ಗೋಡೆ ದಪ್ಪ, ಹಗಲಿನಲ್ಲೂ ಒಳಗೆ ಕತ್ತಲೆ, ಬಿಸಿಲಪೆಟ್ಟಿಗೆಯಲ್ಲಿ ಕೂಡಿಟ್ಟ ಕರೆಂಟು ಮೂರು ಗಂಟೆಗೆ ಸಾಕಾಗುತ್ತದೆ. ಅದರಲ್ಲಿ ನಮ್ಮಂಥದ್ದೇ ಒಂದು ದಂಡೆಯ ಊರು. ಕಡಲು ಏರಿ ಬರುವಾಗ ಶಂಖವೀರ ದಂಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಊರಿನವರು ಓಡಿಹೋಗುವುದಿಲ್ಲ. ಬುಟ್ಟಿಯಲ್ಲಿ ಮಣ್ಣು ತುಂಬಿ ಕೈಯಿಂದ ಕೈಗೆ ದಾಟಿಸಿ ಅವನ ಬೆನ್ನ ಹಿಂದೆ ಸುರಿಯುತ್ತಾರೆ. ಅವನು ತಿರುಗಿ ನೋಡದೆ ಹೇಳುತ್ತಾನೆ: "ನನ್ನ ಬೆನ್ನು ಸೋಲುವುದರೊಳಗೆ ನಿಮ್ಮ ಬುಟ್ಟಿ ಬರಲಿ." ಕೊನೆಗೆ ಅವನು ಕಡಲಿಗೆ ಇಳಿದುಹೋಗುತ್ತಾನೆ, ಎರಡನೇ ಭಾಗ ಬರುತ್ತದೆ ಎಂದು ಅಕ್ಷರ ಮೂಡುತ್ತದೆ.

ಆ ಒಂದು ಮಾತಿನ ಮೇಲೆ ನಮ್ಮ ಊರು ನಿಂತಿದೆ. ನಾನು ದೇವರು ದಿಂಡರು ಅಂತ ಇರುವವಳು, ಸುಳ್ಳು ಹೇಳುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಕಟೌಟಿಗೆ ಗಂಜಿತಿಳಿ ಅಭಿಷೇಕ ಮಾಡುವುದನ್ನು ನೋಡಿ ನನಗೆ ಮೈ ಉರಿದುಹೋಗಿತ್ತು. ನಿಮ್ಮಲ್ಲಿ ಹಾಲು ಸುರಿಯುತ್ತಿದ್ದರಂತೆ, ನಮ್ಮಲ್ಲಿ ಹಾಲೆಲ್ಲಿದೆ? ನಮ್ಮನೆಯವರೇ ಅಭಿಮಾನಿ ಸಂಘದ ಅಧ್ಯಕ್ಷರು, ಅಂಗರಣ್ಣ ಅಂದರೆ ಊರಿಗೆಲ್ಲ ಗೊತ್ತು. ಆದರೆ ಅಭಿಷೇಕ ಮುಗಿಸಿದ ಜನ ಹಾಗೇ ಸಾಲಾಗಿ ದಂಡೆಗೆ ಹೋಗಿ ಆಳಿಗೊಂದು ಬುಟ್ಟಿ ಮಣ್ಣು ಹಾಕುವುದನ್ನು ಕಂಡ ಮೇಲೆ ನಾನು ಬಾಯಿ ಮುಚ್ಚಿದೆ. ಅದಕ್ಕೆ ಬುಟ್ಟಿಸೇವೆ ಅಂತ ಹೆಸರು. ದಿನಾ, ಮಳೆ ಇರಲಿ ಬಿಸಿಲಿರಲಿ, ನಡೆಯಲು ಬರುವ ಪ್ರತಿಯೊಬ್ಬರೂ. ಕಡಲು ದಿನಕ್ಕೆ ನಾನೂರು ಬುಟ್ಟಿ ಮಣ್ಣು ತೆಗೆದುಕೊಂಡು ಹೋಗುತ್ತದೆ, ನಾವು ನಾನೂರು ಹಾಕುತ್ತೇವೆ. ಗುಡ್ಡದ ಮೇಲಿನ ಊರುಗಳವರು ಯಾರನ್ನೂ ಸೇರಿಸಿಕೊಳ್ಳದೆ ಬಾಗಿಲು ಹಾಕಿ ಹದಿನೇಳು ವರ್ಷವಾಯಿತು. ಹಾಗಾಗಿ ದಂಡೆ ಇದ್ದರೆ ನಾವಿದ್ದೇವೆ. ಅಷ್ಟೇ ಕತೆ.

ಹೋದ ತಿಂಗಳು ವಾಮನ ಮಾಸ್ಟ್ರು ದೋಣಿಯಲ್ಲಿ ಮುಳುಗಿದ ಪೇಟೆಯ ಕಡೆ ಹೋಗಿದ್ದರು. ಯಾವುದೋ ಕಟ್ಟಡದ ಐದನೇ ಮಾಳಿಗೆಯಲ್ಲಿ ಬಿಗಿಯಾಗಿ ಮುಚ್ಚಿದ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ಎರಡನೇ ಭಾಗ. ಜೊತೆಗೆ ಒಂದು ಕಟ್ಟು ಕಾಗದ, ನಿಮ್ಮ ಕಾಲದ ಜನ ಅದನ್ನು ನೋಡಿ ಬರೆದ ಅಭಿಪ್ರಾಯಗಳು. ಮಾಸ್ಟ್ರು ಕಾಗದ ಓದಿಕೊಂಡಿದ್ದರು. ಮುಖ ಸಣ್ಣ ಮಾಡಿಕೊಂಡು ನಮ್ಮ ಮನೆಗೆ ಬಂದು, "ಅಂಗರಣ್ಣ, ಇದನ್ನು ತೋರಿಸುವುದು ಬೇಡ, ಸಿಕ್ಕಿಲ್ಲ ಅಂತ ಇರಲಿ" ಅಂದರು. ನಮ್ಮನೆಯವರೂ ಅರೆಮನಸ್ಸು ಮಾಡಿದ್ದರು. ನಡುವೆ ಬಾಯಿ ಹಾಕಿದವಳು ನಾನು. "ಎಂತ ಮಾಸ್ಟ್ರೇ, ನಮ್ಮವನು ಏನೋ ಹೇಳಿ ಕಳಿಸಿದ್ದಾನೆ, ನಾವು ಕೇಳದೆ ಬಿಡುವುದಾ? ತೋರಿಸಿ" ಅಂದೆ. ಆ ಮಾತು ನನ್ನದು. ಈಗ ದೀಪ ಹಚ್ಚುವಾಗ ದಿನಾ ನೆನಪಾಗುತ್ತದೆ.

ಊರಿಗೆ ಊರೇ ಬಂತು. ಹಾಸಿಗೆ ಹಿಡಿದವರನ್ನು ಹೊತ್ತು ತಂದರು. ಕಟೌಟಿಗೆ ಹೊಸ ಬಣ್ಣ, ಎರಡು ಕೊಡ ಗಂಜಿತಿಳಿ. ಅಷ್ಟು ವರ್ಷದಲ್ಲಿ ಒಂದು ದಿನ ಬುಟ್ಟಿಸೇವೆ ನಿಂತದ್ದು ಅವತ್ತು. ಒಂದು ದಿನಕ್ಕೆ ಎಂತ ಆಗುತ್ತದೆ, ನಾಳೆ ಎರಡೆರಡು ಹಾಕುವ ಅಂದರು. ನಾನೂ ಅಂದೆ.

ಸಿನಿಮಾದಲ್ಲಿ ಅವನು ದೊಡ್ಡ ಪೇಟೆಯಲ್ಲಿದ್ದಾನೆ. ಮೈಗೆ ಹೊಳೆಯುವ ಅಂಗಿ. ಮಂಜಿನ ಗುಡ್ಡದಲ್ಲಿ ಕುಣಿಯುತ್ತಾನೆ, ಕಬ್ಬಿಣದ ರಾಕ್ಷಸನ ಜೊತೆ ಬಡಿದಾಡುತ್ತಾನೆ. ಶುರುವಾಗಿ ಹತ್ತು ನಿಮಿಷ ಆಗಿರಬಹುದು, ಒಬ್ಬಳು ಕೇಳುತ್ತಾಳೆ, "ನಿನ್ನ ಊರು?" ಅವನು ಕಪ್ಪು ಕನ್ನಡಕ ಹಾಕಿಕೊಂಡು, "ಅದು ಹೋಯ್ತು" ಅನ್ನುತ್ತಾನೆ. ಮರುಕ್ಷಣ ಹಾಡು. ಆಮೇಲೆ ಎರಡೂವರೆ ಗಂಟೆಯಲ್ಲಿ ಊರಿನ ಸುದ್ದಿ ಇಲ್ಲ. ಹೇಗೆ ಹೋಯ್ತು, ಯಾವಾಗ ಹೋಯ್ತು, ಬುಟ್ಟಿ ಹೊತ್ತವರೆಲ್ಲ ಏನಾದರು, ಒಂದು ಮಾತೂ ಇಲ್ಲ.

ಹೊರಗೆ ಬಂದ ಮೇಲೆ ಶುರುವಾಯಿತು ನೋಡಿ. ಫೈಟು ಚೆನ್ನಾಗಿದೆ ಎಂದ ನಮ್ಮ ಸಾಲುಮನೆಯ ದೇಜು. "ಅವನಿಗೆ ಒಳಗೊಳಗೇ ದುಃಖ ಇದೆ ಮಾರಾಯ್ರೆ, ಇಂಟರ್ವಲ್ ಆದ ಮೇಲೆ ಒಂದು ಸಲ ಕಣ್ಣು ಮುಚ್ಚಿದ್ದು ನೀವು ನೋಡಲಿಲ್ವಾ?" ಲಚ್ಚಕ್ಕನಿಗೆ ಎಂಬತ್ತಾರು, ಹೇಳುವುದಕ್ಕೆ ಹೆದರುವವಳಲ್ಲ. "ಕಣ್ಣು ಮುಚ್ಚಿದ್ದಲ್ಲ ಮಗಾ, ತೂಕಡಿಸಿದ್ದು. ನನಗೂ ತೂಕಡಿಕೆ ಬಂತು" ಅಂದಳು. ಕೆಲವರು ನಕ್ಕರು. ಇನ್ನು ಕೆಲವರು ಇದು ಅವನೇ ಅಲ್ಲ, ವೇಷ ಹಾಕಿದ ಬೇರೆ ಯಾರೋ ಎಂದು ವಾದ ಮಾಡಿದರು. ನಾಲ್ಕು ಜನ ಸೇರಿ ಪೆಟ್ಟಿಗೆ ಸುಡುವ ಅಂದರು, ಮತ್ತೆ ನಾಲ್ಕು ಜನ ಅವರ ಕೈ ಹಿಡಿದರು. ಈಗ ಸಂಘ ಎರಡಾಗಿದೆ. ಒಂದನೇ ಭಾಗದವರು, ಎರಡನೇ ಭಾಗದವರು. ಒಬ್ಬರ ಮನೆಗೆ ಇನ್ನೊಬ್ಬರು ನೀರು ಕೊಡುವುದಿಲ್ಲ. ಎರಡೂ ಕಡೆಯವರು ಒಪ್ಪಿಕೊಂಡದ್ದು ಒಂದೇ: ಬುಟ್ಟಿ ಹೊರುವುದು ಇನ್ನು ಯಾಕೆ?

ಜಗಳ ನಡೆಯುತ್ತಿರುವಾಗಲೇ ಯಾರೋ ಕೈ ತೋರಿಸಿದರು. ದಂಡೆಯ ಬಡಗು ಮೂಲೆ ಒಂದು ತೋಳಿನಷ್ಟು ಬಾಯಿ ಬಿಟ್ಟಿತ್ತು, ನೀರು ಒಸರುತ್ತಿತ್ತು. ಮೊದಲಾಗಿದ್ದರೆ ನಾನೂರು ಜನ ಬುಟ್ಟಿ ಹಿಡಿದು ಓಡುತ್ತಿದ್ದರು. ಅವತ್ತು ಎಲ್ಲರೂ ನಿಂತು ನೋಡಿದರು. ಆಮೇಲೆ ಮನೆಗೆ ಹೋದರು. ನಮ್ಮನೆಯವರೂ ಹೋದರು. ಮಾರನೇ ದಿನ ಕಟೌಟು ಇಳಿಸಿ, ಹಲಗೆ ಬಿಡಿಸಿ, ಕೋಳಿಗೂಡಿಗೆ ಬಾಗಿಲು ಮಾಡಿದರು. ಈಗಲೂ ಬೆಳಿಗ್ಗೆ ಕೋಳಿ ಬಿಡುವಾಗ ಅರ್ಧ ಮೀಸೆ, ಒಂದು ಕಣ್ಣು ನನ್ನನ್ನೇ ನೋಡುತ್ತಿರುತ್ತದೆ.

ಮಗುವಿಗೆ ಹೆಸರಿಡುವ ದಿನ ಬಂತು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ಮೊದಲು ಮಗುವಿನ ಕೈ ಒಂದು ಬುಟ್ಟಿ ಮಣ್ಣಿಗೆ ಮುಟ್ಟಿಸಿ, ಅದನ್ನು ಅಜ್ಜ ದಂಡೆಗೆ ಹಾಕಬೇಕು. ನಮ್ಮನೆಯವರು ಏಳಲಿಲ್ಲ. "ಹೋಯ್ತು ಅಂದ ಮೇಲೆ ಹೋಯ್ತು. ಆ ಕಾಲದವರಿಗೇ ಗೊತ್ತಿತ್ತು, ನಾವೇ ಗೊತ್ತಿಲ್ಲದೆ ಹೊತ್ತೆವು" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಸುಗಂಧಿ ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು ನನ್ನನ್ನೇ ಕೇಳಿದಳು, "ಅಮ್ಮಾ, ಅವನು ಹೋಯ್ತು ಅಂದದ್ದು ನಮ್ಮನ್ನೇ ಅಲ್ವಾ?"

ಆಮೇಲೆ ನಾನು ಮಾಸ್ಟ್ರ ಹತ್ತಿರ ಆ ಕಾಗದದ ಕಟ್ಟು ಇಸಿದುಕೊಂಡು ಓದಿದೆ. ನಾಲ್ಕು ದಿನ ಹಿಡಿಯಿತು. ನೀವು ಐದರಲ್ಲಿ ಇಷ್ಟು ಎಂದು ನಕ್ಷತ್ರ ಕೊಡುತ್ತಿದ್ದಿರಿ. ಒಬ್ಬರು ಎರಡೂವರೆ ಕೊಟ್ಟಿದ್ದರು, ಅರ್ಧ ನಕ್ಷತ್ರ ಹೇಗೆ ಕೊಡುತ್ತಾರೋ ನನಗೆ ತಿಳಿಯಲಿಲ್ಲ. ಹಾಡು ಜಾಸ್ತಿಯಾಯಿತು ಎಂದು ಒಬ್ಬರು, ಅಂಗಿಯ ಬಣ್ಣ ಸರಿಯಿಲ್ಲ ಎಂದು ಒಬ್ಬರು. ನಾಯಕನನ್ನು ಬೈದವರನ್ನು ಹುಡುಕಿ ಬೈಯುವುದೇ ಕೆಲಸ ಮಾಡಿಕೊಂಡವರೂ ಇದ್ದರು. ಒಬ್ಬ ಬರೆದಿದ್ದ, ಊರು ಮುಳುಗಿದ್ದನ್ನು ತೋರಿಸದೆ ಇದ್ದದ್ದೇ ಒಳ್ಳೆಯದಾಯಿತು, ಟೈಮ್ ಉಳಿಯಿತು ಎಂದು. ಅದನ್ನು ಓದಿ ಕಾಗದ ಕೆಳಗಿಟ್ಟು ಒಲೆಗೆ ಸೌದೆ ಹಾಕಿ ಬಂದೆ. ಕೆಟ್ಟವನೇನಲ್ಲ ಪಾಪ, ಮನೆಗೆ ಬೇಗ ಹೋಗಬೇಕಾಗಿತ್ತೋ ಏನೋ.

ಕಟ್ಟಿನ ಕೊನೆಯಲ್ಲಿ, ನೀರು ತಾಗಿ ಮಾಸಿದ ಹಾಳೆಯಲ್ಲಿ ನಿಮ್ಮ ಸಾಲು ಇತ್ತು. ಹೆಸರಿನ ಜಾಗದಲ್ಲಿ ಬಾಲ್ಕನಿ ಮೂಲೆ ಸೀಟು ಎಂದಿತ್ತು. ನಕ್ಷತ್ರ ಒಂದೂ ಕೊಟ್ಟಿರಲಿಲ್ಲ. "ಆ ಊರಿನವರು ಏನಾದರು?" ಅಷ್ಟೇ ಬರೆದಿದ್ದಿರಿ. ಕೆಳಗೆ ಯಾರೋ "ಅದು ಸಿನಿಮಾ ಮಾರಾಯ" ಎಂದು ನಕ್ಕಿದ್ದರು. ಅದರ ಕೆಳಗೆ ನೀವು ಏನೋ ಬರೆದಿದ್ದೀರಿ, ಎರಡು ಸಾಲು ಇರಬೇಕು, ಅದು ನೀರಿಗೆ ಹೋಗಿದೆ. ಬಿಸಿಲಿಗೆ ಹಿಡಿದು ನೋಡಿದೆ, ಮಾಸ್ಟ್ರ ಕನ್ನಡಕ ಹಾಕಿ ನೋಡಿದೆ. ಕಾಣಲಿಲ್ಲ.

ಅಷ್ಟು ಜನರಲ್ಲಿ ನಮ್ಮನ್ನು ವಿಚಾರಿಸಿದವರು ನೀವೊಬ್ಬರು. ಆ ಎರಡು ಸಾಲು ಏನೆಂದು ನನಗೆ ಬರೆದು ಕಳಿಸಿ. ಅವರು ಬದುಕಿದರು ಎಂದು ಇದ್ದರೆ ಹಾಗೇ ಬರೆಯಿರಿ. ನಿಮಗೂ ಗೊತ್ತಿರದಿದ್ದರೆ, ದಂಡೆ ನಿಂತಿತು ಎಂದು ಸುಳ್ಳೇ ಬರೆಯಿರಿ. ನಾನು ಐದು ದಶಕ ಸುಳ್ಳಾಡದೆ ಬದುಕಿದವಳು, ಅದನ್ನು ಐಸ್ ಪ್ಲಾಂಟಿನಲ್ಲಿ ನಿಂತು ಎಲ್ಲರ ಎದುರು ಗಟ್ಟಿಯಾಗಿ ಓದುತ್ತೇನೆ. ಪಾಪ ನನಗಿರಲಿ. ಮಗುವಿನ ಬುಟ್ಟಿ ಎತ್ತಲು ಅವಳ ಅಜ್ಜ ಎದ್ದು ಬಂದರೆ ಸಾಕು.

ಬರುತ್ತದೆ ಎಂದು ನನಗೇನೂ ನಂಬಿಕೆ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಈಗ ದಂಡೆಗೆ ಬರುವವರು ಒಂಬತ್ತು ಜನ. ಲಚ್ಚಕ್ಕ ಬುಟ್ಟಿ ಹೊರಲಾರದೆ ಸೆರಗಿನಲ್ಲಿ ಮಣ್ಣು ತರುತ್ತಾಳೆ. ದೇಜು ಬರುತ್ತಾನೆ, ಅವನು ಈಗಲೂ ಆ ಮುಚ್ಚಿದ ಕಣ್ಣಿನ ಮಾತು ಬಿಟ್ಟಿಲ್ಲ. ಒಂಬತ್ತು ಜನ ಬಿದ್ದೆದ್ದು ಹೊತ್ತರೂ ದಿನಕ್ಕೆ ನೂರು ಬುಟ್ಟಿ ದಾಟುವುದಿಲ್ಲ. ಇವತ್ತು ಅಮಾವಾಸ್ಯೆಯ ನೀರು ಆಗಲೇ ಎದೆಮಟ್ಟ ಏರಿದೆ. ದೀಪಾವಳಿ ಅಮಾವಾಸ್ಯೆಯ ನೀರನ್ನು ಈ ದಂಡೆ ತಡೆಯುವುದಿಲ್ಲ. ತೀರಾ ಕೆಳಗಿನ ಸಾಲಿನಲ್ಲಿ ಇರುವುದು ನಮ್ಮ ಮನೆ.

ಎಡೆಗೆ ಅನ್ನ ಬೆಂದಿದೆ. ಕಾಗೆಗಳು ಹೋಗಿ ಎಷ್ಟೋ ಕಾಲವಾಯಿತು, ಕಡಲಹಕ್ಕಿ ಬಂದು ಮುಟ್ಟಿದರೆ ಮುಟ್ಟಿತು ಎಂದುಕೊಳ್ಳುತ್ತೇವೆ. ನಿಮ್ಮ ಹೆಸರಿಗೂ ಒಂದು ತುತ್ತು ಇಡುತ್ತೇನೆ. ಹೆಸರು ಗೊತ್ತಿಲ್ಲ, ಮೂಲೆ ಸೀಟಿನವರಿಗೆ ಎಂದು ಹೇಳಿ ಇಡುತ್ತೇನೆ, ದೇವರಿಗೆ ತಿಳಿಯುತ್ತದೆ.

ಹನ್ನೆರಡನೇ ದಿನ ನಾನೇ ಬಂದು ಗೂಡು ನೋಡಬೇಕು. ಆದರೆ ಗೂಡು ಇರುವುದು ತೆಂಕು ಮೂಲೆಯಲ್ಲಿ, ಬಾಯಿ ಬಿಟ್ಟಿರುವುದು ಬಡಗು ಮೂಲೆ. ಅಲ್ಲಿಂದ ಇಲ್ಲಿಗೆ ಬಂದು ಹೋಗುವಷ್ಟರಲ್ಲಿ ನಾಲ್ಕು ಬುಟ್ಟಿ ಮಣ್ಣು ತಪ್ಪಿಹೋಗುತ್ತದೆ. ಈ ಕಾಗದ ಯಾರ ಕೈಗೆ ಸಿಕ್ಕಿದರೂ ಸರಿ, ಒಂದನೇ ಭಾಗದವರಾಗಲಿ ಎರಡನೇ ಭಾಗದವರಾಗಲಿ, ನನ್ನದೊಂದು ಕೋರಿಕೆ. ಗೂಡಿನಲ್ಲಿ ಕೈ ಹಾಕಿ ನೋಡಿ, ನನಗೆ ಬಂದ ಉತ್ತರ ಇದ್ದರೆ ಬಡಗು ಮೂಲೆಗೆ ತಂದುಕೊಡಿ. ಬರುವಾಗ ಕೈ ಖಾಲಿ ಇದ್ದರೆ, ದಾರಿಯಲ್ಲಿ ನಮ್ಮ ಮನೆ ಬಾಗಿಲಲ್ಲಿ ಒಂದು ಸಣ್ಣ ಬುಟ್ಟಿ ಮಣ್ಣು ಇಟ್ಟಿದ್ದೇನೆ. ಮಗುವಿನ ಕೈ ಮುಟ್ಟಿಸಿ ಆಗಿದೆ. ಅದನ್ನೂ ತನ್ನಿ.