ರೋಗವೋ, ಗುಣವೋ

ನ್ಯೂಟೌನ್, ಭದ್ರಾವತಿ
7-7-2025, ಸೋಮವಾರ

ಪ್ರಿಯ ಸುಪ್ರಿಯಾ,

ಆಷಾಢದಲ್ಲೂ ಬೆವರಿಸುವ ಆ ಕಲಬುರಗಿಯಲ್ಲಿ ನಿನ್ನ ತಲೆನೋವು ಹೇಗಿದೆ? ಹೊಸ ಬ್ರಾಂಚಿನವರು ಮಧ್ಯಾಹ್ನ ಊಟಕ್ಕಾದರೂ ಬಿಡುತ್ತಾರೋ ಇಲ್ಲವೋ? ಇಲ್ಲಿ ಅಮ್ಮನ ಮಂಡಿನೋವು, ನನ್ನ ಹಾಸ್ಯ ಎರಡೂ ಹಾಗೇ ಇವೆ, ಎರಡಕ್ಕೂ ಮದ್ದಿಲ್ಲ. ಫೋನ್ ಬಿಟ್ಟು ಕಾಗದ ಹಿಡಿದದ್ದೇಕೆಂದರೆ, ಫೋನಿನಲ್ಲಿ ನೀನು ನಡುನಡುವೆ ಪ್ರಶ್ನೆ ಕೇಳುತ್ತೀಯ, ನಾನು ಹೇಳಬೇಕಾದ್ದನ್ನೇ ಮರೆಯುತ್ತೇನೆ.

ನಮ್ಮ ಮಗಳು ಅಕ್ಷಯಾಳ ಹದ್ದುಮೀರಿ ಓಡುವ ಥೈರಾಯ್ಡಿಗೆ ಕೊಡುತ್ತಿದ್ದ ಮಾತ್ರೆ ನಿಂತು ನಾಲ್ಕು ತಿಂಗಳಾಯಿತು. ನಿಲ್ಲಿಸುವ ದಿನ ಶಿವಮೊಗ್ಗದ ಡಾಕ್ಟರಮ್ಮ ಹೇಳಿದ್ದು ನಿನಗೂ ನೆನಪಿದ್ದೀತು: "ಎರಡು ವರ್ಷ ತಗೊಂಡಿದ್ದಾಳೆ, ನಿಲ್ಸಿ ನೋಡೋಣ. ಆದ್ರೆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ವಾಪಸ್ ಬರುತ್ತೆ, ಕಣ್ಣಿಟ್ಟಿರಿ." ನಾನು ಕಣ್ಣಿಟ್ಟೆ, ಅಲ್ಲಿಂದ ನಿದ್ದೆ ಕೆಟ್ಟೆ. ಅವಳು ನಾಲ್ಕು ದೋಸೆ ತಿಂದರೆ ಭಯ, ಎರಡೇ ತಿಂದರೂ ಭಯ. ಕೂತಲ್ಲಿ ಕಾಲು ಕುಣಿಸಿದರೆ ಇದು ರೋಗವೋ ಗುಣವೋ ತಿಳಿಯುವುದಿಲ್ಲ. ಗುಣವಾದರೆ ಅದು ನಿನ್ನ ಕಡೆಯದು. ಬೆಳಿಗ್ಗೆ ಎದ್ದೊಡನೆ ನಾಡಿ ಎಣಿಸುತ್ತೇನೆ. ಮೊನ್ನೆ ಅವಳೇ ನನ್ನ ಕೈ ಹಿಡಿದು ಎಣಿಸಿ, "ನಂದು ಎಂಬತ್ತೆರಡು, ನಿಂದು ತೊಂಬತ್ತೆಂಟು. ಮಾತ್ರೆ ನಿಂಗೇ ಬೇಕು ಮಾರಾಯ" ಎಂದಳು.

ಶುಕ್ರವಾರ ರಕ್ತ ಕೊಟ್ಟೆವು. ಶನಿವಾರ ಬಂದ ವರದಿಯಲ್ಲಿ ಥೈರಾಯ್ಡ್ ಹಾರ್ಮೋನು ಮೇಲೇರಿತ್ತು, ಗ್ರಂಥಿಗೆ ಆಜ್ಞೆ ಕೊಡುವ ಟಿಎಸ್‌ಎಚ್ ತಳ ಕಂಡಿತ್ತು. ರೋಗ ಮರಳಿತೆಂದೇ ಅವಳನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಡಾಕ್ಟರಮ್ಮ ಮಾತ್ರ ಹುಡುಗಿಯ ಕೈ ಚಾಚಿಸಿ ನೋಡಿದರು, ನಡುಕವಿಲ್ಲ. ತೂಕ ಒಂದೂವರೆ ಕೇಜಿ ಹೆಚ್ಚಿದೆ. "ಕಾಗದ ಒಂದು ಹೇಳ್ತಿದೆ, ಮಗು ಇನ್ನೊಂದು ಹೇಳ್ತಿದೆ. ಬೇರೆ ಏನಾದ್ರೂ ಕೊಡ್ತಿದೀರಾ?" ಎಂದರು. ನಾನು ಉಪನ್ಯಾಸಕನ ಗಾಂಭೀರ್ಯದಲ್ಲಿ ಏನೂ ಇಲ್ಲ ಎಂದೆ. ಅಕ್ಷಯಾ ಮೆಲ್ಲಗೆ, "ಅಜ್ಜಿ ಜೆಲ್ಲಿ ಕೊಡ್ತಾರೆ" ಎಂದಳು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೊಮ್ಮಗಳಿಗೆ ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸಬೇಕೆಂದು ಅಮ್ಮನಿಗೆ ಆಸೆ. ಕಾಯಿಲೆಯಲ್ಲಿ ಉದುರಿ ತೆಳುವಾದ ಕೂದಲು ಮೊಗ್ಗಿನ ಭಾರ ತಡೆಯಲಾರದೆಂದು, ಔಷಧಿ ಅಂಗಡಿಯಿಂದ ಕೂದಲು ಬೆಳೆಸುವ ಬಯೋಟಿನ್ ಜೆಲ್ಲಿ ತಂದು ಒಂದೂವರೆ ತಿಂಗಳಿಂದ ತಿನ್ನಿಸುತ್ತಿದ್ದಾರೆ. "ಮಿಠಾಯಿ ಕಣೋ, ಮಾತ್ರೆ ಅಲ್ಲ, ಅದನ್ನೇನು ಡಾಕ್ಟರಿಗೆ ಹೇಳೋದು" ಎಂಬುದು ಅವರ ವಾದ. ಡಾಕ್ಟರಮ್ಮ ಹೇಳುವ ಪ್ರಕಾರ ಆ ಬಯೋಟಿನ್ ಥೈರಾಯ್ಡಿಗೆ ಏನೂ ಮಾಡದೆ ಪರೀಕ್ಷೆಯ ಯಂತ್ರವನ್ನಷ್ಟೇ ಏಮಾರಿಸುವುದುಂಟಂತೆ. ಜೆಲ್ಲಿ ಬಿಟ್ಟು ಹತ್ತು ದಿನ ಕಳೆದ ಮೇಲೆ ಮತ್ತೆ ರಕ್ತ ನೋಡಬೇಕು. ಹಾಗಾದರೆ ರೋಗ ಬಂದಿಲ್ಲವೇ ಎಂದು ಕೇಳಿದೆ. "ಹಾಗೂ ಹೇಳಕ್ಕಾಗಲ್ಲ" ಎಂದರು. ನನಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯದೆ ಎರಡನ್ನೂ ಸರದಿಯ ಮೇಲೆ ಮಾಡುತ್ತಿದ್ದೇನೆ. ಅಮ್ಮ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ನಾನು ಬೈದಿಲ್ಲ, ನೀನೂ ಬೈಯಬೇಡ.

ಅಮ್ಮ ತಗ್ಗಿದ ದನಿಯಲ್ಲಿ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಹರಿಪ್ರಸಾದ್

ತಾ.ಕ.: ಪರೀಕ್ಷೆ ಹದಿನೇಳನೇ ತಾರೀಕು, ಗುರುವಾರ. ನಿಜವಾಗಿ ಮರಳಿದ್ದರೆ ಮತ್ತೆ ವರ್ಷಗಟ್ಟಲೆ ಮಾತ್ರೆಯೋ, ಆಪರೇಷನ್ ಮಾಡಿಸಿ ಗ್ರಂಥಿಯನ್ನೇ ತೆಗೆಸುವುದೋ, ಯೋಚಿಸಿ ಎಂದರು ಡಾಕ್ಟರಮ್ಮ. ಅದು ಅಕ್ಷಯಾಳ ಕಿವಿಗೂ ಬಿತ್ತು. ಶಿವಮೊಗ್ಗದಿಂದ ಬಂದು ಭದ್ರಾವತಿಯಲ್ಲಿ ಬಸ್ಸು ಇಳಿಯುವಾಗ "ಅವತ್ತು ಅಮ್ಮ ಬರ್ತಾಳಾ?" ಎಂದಳು. ಬರ್ತಾಳೆ ಎಂದುಬಿಟ್ಟಿದ್ದೇನೆ. ರಜೆ ಹಾಕು.